ಹೆಜ್ಜೆ ಎಣಿಸುವ ಗಡಿಯಾರವೂ ನಮ್ಮ ತರುಣರ ವ್ಯಾಯಾಮವೂ

ಕಳೆದ ತಿಂಗಳು ನಮ್ಮ ಸಂಘದ ಕಚೇರಿಗೆ ಒಬ್ಬ ತರುಣ ಬಂದಿದ್ದ. ಕುಂದಾಪುರದ ಕಡೆಯವನು. ಪ್ರಾಯ ಇಪ್ಪತ್ತಮೂರು. ಉಪನಗರದ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಕೆಲಸ. ಬಂದು ಕುಳಿತವನೇ ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿದ. ಮಣಿಕಟ್ಟಿನಲ್ಲಿ ಕರಿಯ ರಬ್ಬರಿನ ಪಟ್ಟಿ, ಪಟ್ಟಿಯ ನಡುವೆ ಬೆಳಗುವ ಪುಟ್ಟ ಗಾಜು, ಗಾಜಿನೊಳಗೆ ಒಂದು ಅಂಕೆ.

“ನೋಡಿ ಮಾಮ, ಹದಿನೆಂಟು ಸಾವಿರ ಹೆಜ್ಜೆ! ದಿನಕ್ಕೆ ಹತ್ತು ಸಾವಿರ ಆದರೆ ಸಾಕು ಅಂತಾರೆ. ನನಗೆ ಬೇರೆ ವ್ಯಾಯಾಮ ಎಂತಕ್ಕೆ?” ಎಂದ.

“ಬಹಳ ಸಂತೋಷ ಮಾರಾಯ. ಮತ್ತೆ ಇಲ್ಲಿಗೆ ಬಂದದ್ದು ಯಾವ ಕೆಲಸಕ್ಕೆ?” ಎಂದು ಕೇಳಿದೆ.

ಆತ ಸ್ವಲ್ಪ ನಾಚಿದ. “ಸೊಂಟನೋವು ಮಾಮ. ನಮ್ಮವರ ಡಾಕ್ಟರು ಯಾರಾದರೂ ಇದ್ದರೆ ಹೇಳಿ. ರಕ್ತದೊತ್ತಡವೂ ಸ್ವಲ್ಪ ಹೆಚ್ಚು ಉಂಟಂತೆ” ಎಂದು ಕಿಸೆಯಿಂದ ಚೀಟಿಯೊಂದನ್ನು ತೆಗೆದ.

ಒಂದು ಕೈಯಲ್ಲಿ ಹದಿನೆಂಟು ಸಾವಿರ ಹೆಜ್ಜೆ, ಇನ್ನೊಂದು ಕೈಯಲ್ಲಿ ಸೊಂಟನೋವಿನ ಚೀಟಿ. ಈ ನೋಟ ನನ್ನನ್ನು ಹಲವು ದಿನ ಕಾಡಿತು. ತರುಣರನ್ನು ವ್ಯಾಯಾಮಕ್ಕೆ ಎಳೆಯುವುದು ಯಾವುದು, ಅದರಲ್ಲಿ ನಿಲ್ಲಿಸುವುದು ಯಾವುದು, ಅದಕ್ಕೆ ಈ ಕೈಗಡಿಯಾರದಿಂದ ಎಷ್ಟು ಸಹಾಯ ಎಂಬ ಪ್ರಶ್ನೆ ಶ್ರೀಮಂತರ ವಿನೋದಕ್ಕೆ ಸೇರಿದ್ದೆಂದು ನಮ್ಮ ಬಾಂಧವರು ತಳ್ಳಿಬಿಡಬಾರದು. ಮಾಲಕನಿಗೆ ಕಟ್ಟಡವಿದೆ, ಬ್ಯಾಂಕಿನಲ್ಲಿ ಖಾತೆಯಿದೆ. ದುಡಿಯುವವನಿಗೆ ಇರುವ ಬಂಡವಾಳ ಎರಡು ಕೈ, ಎರಡು ಕಾಲು, ಒಂದು ಸೊಂಟ. ಸೊಂಟ ಹೋದರೆ ಊರಿನ ಬಸ್ಸು ಹತ್ತುವುದೇ ದಾರಿ.

ಮೊದಲು ಈ ಯಂತ್ರದ ಗುಟ್ಟನ್ನು ತಿಳಿಯೋಣ. ಪಟ್ಟಿಯೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ಸಾಧನವೊಂದಿದ್ದು ಕೈ ಅಲುಗಿದಾಗಲೆಲ್ಲ ಆ ಅಲುಗಾಟವನ್ನು ಅಳೆಯುತ್ತದೆ. ಅಲುಗಾಟವು ನಡಿಗೆಯ ತಾಳಕ್ಕೆ ಹೊಂದಿದರೆ ಅದನ್ನು ಹೆಜ್ಜೆಯೆಂದು ಬರೆದುಕೊಳ್ಳುತ್ತದೆ. ತಳದಲ್ಲಿ ಮಿನುಗುವ ಹಸುರು ದೀಪವು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ನೋಡಿ ನಾಡಿಯ ಲೆಕ್ಕ ಹೇಳುತ್ತದೆ. ಜಾಣ ಯಂತ್ರವೇ ಸರಿ. ಆದರೂ ಮೇಜು ಒರೆಸುವ ಕೈಯನ್ನು ಅದು ಕೆಲವೊಮ್ಮೆ ನಡೆಯುವ ಕಾಲೆಂದು ಭ್ರಮಿಸುತ್ತದೆ. ಎರಡು ಕೈಯಲ್ಲೂ ತಟ್ಟೆ ಹಿಡಿದು ಕೈ ಅಲುಗದಂತೆ ನಡೆದರೆ ನಿಜವಾದ ಹೆಜ್ಜೆಗಳನ್ನೇ ನುಂಗಿಬಿಡುತ್ತದೆ. ಹೋಟೆಲಿನ ಗಲ್ಲೆಯ ಲೆಕ್ಕ ಹೀಗಿದ್ದರೆ ಮ್ಯಾನೇಜರನ ಕೆಲಸ ಒಂದು ದಿನವೂ ಉಳಿಯುತ್ತಿರಲಿಲ್ಲ.

ಇನ್ನು ಆ ಹತ್ತು ಸಾವಿರದ ಕಥೆ. ಇದು ಯಾವ ವೈದ್ಯನ ಚೀಟಿಯಿಂದಲೂ ಹುಟ್ಟಿದ ಅಂಕೆಯಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ಜಪಾನಿನ ಜನರಲ್ಲಿ ನಡಿಗೆಯ ಹುಮ್ಮಸ್ಸು ಏರಿತು. ಮರುವರ್ಷ, 1965ರಲ್ಲಿ, ಅಲ್ಲಿಯ ಒಂದು ಕಂಪೆನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾನ್ಪೊಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ವ್ಯಾಪಾರಕ್ಕಾಗಿ ಇಟ್ಟ ಹೆಸರು ಲೋಕದ ನಿಯಮವಾಗಿ ಕುಳಿತುಕೊಂಡಿತು. ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಬಹಳ ತಡವಾಗಿ ಬಂದರು. 2019ರಲ್ಲಿ ಅಮೆರಿಕದ ವೈದ್ಯವಿದುಷಿ ಐ-ಮಿನ್ ಲೀ ಮತ್ತು ಸಂಗಡಿಗರು ಹದಿನಾರು ಸಾವಿರಕ್ಕೂ ಹೆಚ್ಚು ವೃದ್ಧ ಮಹಿಳೆಯರ ಹೆಜ್ಜೆ ಎಣಿಸಿ ಹೇಳಿದ್ದಿಷ್ಟು: ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಗಣನೀಯವಾಗಿ ಕಡಮೆ, ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಮುದುಕಿಯರ ಲೆಕ್ಕ, ತರುಣರ ಲೆಕ್ಕ ಬೇರೆ ಇದ್ದೀತು. ಆದರೂ ಹತ್ತು ಸಾವಿರವೆಂಬುದು ಬ್ರಹ್ಮಲಿಪಿಯಲ್ಲ ಎಂಬುದಿಷ್ಟು ಸ್ಪಷ್ಟವಾಯಿತು.

ಹಾಗಾದರೆ ಹದಿನೆಂಟು ಸಾವಿರ ನಡೆದ ನಮ್ಮ ಹುಡುಗನಿಗೆ ಸೊಂಟನೋವೂ ರಕ್ತದೊತ್ತಡವೂ ಏಕೆ? ಮೈಮುರಿದು ದುಡಿಯುವವನಿಗೆ ರೋಗ ಬಾರದೆಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. 1953ರಲ್ಲಿ ಲಂಡನಿನ ಡಾಕ್ಟರ್ ಜೆರಿಮಿ ಮಾರಿಸ್ ಅವರು ಆ ನಗರದ ಬಸ್ ಕಾರ್ಮಿಕರನ್ನು ಪರೀಕ್ಷಿಸಿ ಒಂದು ಲೇಖನ ಪ್ರಕಟಿಸಿದರು. ಎರಡು ಮಹಡಿಯ ಬಸ್ಸಿನಲ್ಲಿ ಇಡೀ ದಿನ ಕುಳಿತು ಓಡಿಸುವ ಡ್ರೈವರರಿಗಿಂತ ಮೆಟ್ಟಿಲು ಹತ್ತಿ ಇಳಿದು ಟಿಕೇಟು ಹರಿಯುವ ಕಂಡಕ್ಟರರಲ್ಲಿ ಹೃದಯರೋಗ ಕಡಮೆ ಇತ್ತು. ವ್ಯಾಯಾಮ ಮತ್ತು ಹೃದಯದ ಸಂಬಂಧವನ್ನು ಲೋಕಕ್ಕೆ ತೋರಿಸಿಕೊಟ್ಟವರು ಕ್ರೀಡಾಪಟುಗಳಲ್ಲ, ನಮ್ಮಂಥ ಕಾರ್ಮಿಕರೇ. ಮುಂಬಯಿಯಲ್ಲಿ ಬೆಸ್ಟ್ ಬಸ್ಸಿನ ಮೇಲ್ಮಹಡಿಗೆ ಓಡಿ ಹತ್ತಿದವರಿಗೆಲ್ಲ ಈ ಮಾತು ಸುಲಭವಾಗಿ ಅರ್ಥವಾದೀತು.

ಆದರೆ ಇತ್ತೀಚಿನ ಸಂಶೋಧನೆ ಇನ್ನೊಂದು ಮುಖವನ್ನು ತೋರಿಸಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ ಹೋಲ್ಟರ್ಮನ್ ಮತ್ತು ಸಂಗಡಿಗರು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಮೈ ದಣಿಸಿದವರಲ್ಲಿ ಹೃದಯರೋಗ ಮತ್ತು ಸಾವು ಕಡಮೆ. ಕೆಲಸದ ವೇಳೆಯಲ್ಲಿ ಹೆಚ್ಚು ಮೈ ದಣಿಸಿದವರಲ್ಲಿ ಅವೇ ಹೆಚ್ಚು! ಧೂಮಪಾನ, ವಿದ್ಯಾಭ್ಯಾಸ ಮೊದಲಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹೀಗೆಯೇ ಕಂಡಿತು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದಿದೆ. ಆದರೆ ಅವರು ಕೊಡುವ ಕಾರಣ ಹೋಟೆಲಿನ ಅಡುಗೆಮನೆ ಕಂಡವರಿಗೆ ಹೊಸತಲ್ಲ. ವ್ಯಾಯಾಮವೆಂದರೆ ಸ್ವಲ್ಪ ಹೊತ್ತು ಏದುಸಿರು ಬರುವಂತೆ ದಣಿದು, ಆಮೇಲೆ ದಣಿವಾರಿಸಿಕೊಳ್ಳುವುದು. ಕೆಲಸವೆಂದರೆ ಹತ್ತು ಹನ್ನೆರಡು ತಾಸು ನಿಂತೇ ಇರುವುದು, ಹಿಟ್ಟಿನ ಪಾತ್ರೆ ಎತ್ತುವುದು, ಬಗ್ಗುವುದು, ಕಾವಲಿಯ ಬಿಸಿಗೆ ಮುಖವೊಡ್ಡುವುದು, ದಣಿವಾರುವ ಮೊದಲೇ ಮರುದಿನದ ನಾಲ್ಕು ಗಂಟೆಯ ಕೂಗಿಗೆ ಏಳುವುದು. ನಾಡಿಯೂ ರಕ್ತದೊತ್ತಡವೂ ದಿನವಿಡೀ ಏರಿಯೇ ಇದ್ದರೆ ಹೃದಯಕ್ಕೆ ವಿಶ್ರಾಂತಿ ಎಲ್ಲಿಂದ? ಗಡಿಯಾರ ಹೆಜ್ಜೆಯನ್ನು ಎಣಿಸುತ್ತದೆ. ಆ ಹೆಜ್ಜೆ ಯಾರಿಗಾಗಿ ಇಟ್ಟದ್ದೆಂದು ಅದಕ್ಕೆ ತಿಳಿಯದು, ಮೈಗೆ ಮಾತ್ರ ತಿಳಿಯುತ್ತದೆ.

ಆದುದರಿಂದ ನಮ್ಮ ತರುಣರಿಗೂ ಕೆಲಸದ ಹೊರಗೆ ವ್ಯಾಯಾಮ ಬೇಕು. ಇದರಲ್ಲಿ ಉಪೇಕ್ಷೆ ಸಲ್ಲದು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿತು. ನಮ್ಮ ಜನರಿಗೆ ಈ ಕಾಯಿಲೆ ಬಿಳಿಯರಿಗಿಂತ ಎಳೆಯ ಪ್ರಾಯದಲ್ಲಿ, ಮೈ ಅಷ್ಟೇನೂ ಬೆಳೆಯದಿದ್ದರೂ ಬರುತ್ತದೆ. ಹೋಟೆಲಿನವನಿಗಂತೂ ಹಸಿದಾಗ ಊಟವಿಲ್ಲ. ಗಿರಾಕಿಗಳು ಎದ್ದು ಹೋದ ಮೇಲೆ ಸಿಕ್ಕಿದ್ದೇ ಊಟ, ನಡುನಡುವೆ ಸಕ್ಕರೆ ಸುರಿದ ಚಹಾ.

ಬೇಕು ಎಂದು ಉಪದೇಶಿಸುವುದು ಸುಲಭ. ಮಾಡುವಂತೆ ಮಾಡುವುದು ಯಾವುದು? ಗಡಿಯಾರವೇ? ಇಲ್ಲಿ ಊಹೆಗಿಂತ ಪರೀಕ್ಷೆ ಮೇಲು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 18ರಿಂದ 35 ವರ್ಷದೊಳಗಿನ, ಮೈ ಬೆಳೆದ 471 ತರುಣ ತರುಣಿಯರನ್ನು ತೆಗೆದುಕೊಂಡು ಎರಡು ವರ್ಷದ ಪರೀಕ್ಷೆ ನಡೆಸಿದರು. ಮೊದಲ ಆರು ತಿಂಗಳು ಎಲ್ಲರಿಗೂ ಆಹಾರ, ವ್ಯಾಯಾಮಗಳ ಶಿಕ್ಷಣ. ಆಮೇಲೆ ಅರ್ಧ ಜನರಿಗೆ ತೋಳಿಗೆ ಕಟ್ಟುವ ಯಂತ್ರ ಕೊಟ್ಟರು. ಉಳಿದವರು ತಾವೇ ಬರೆದಿಟ್ಟುಕೊಳ್ಳಬೇಕಿತ್ತು. 2016ರಲ್ಲಿ ಫಲ ಪ್ರಕಟವಾಯಿತು. ಯಂತ್ರವಿಲ್ಲದವರು ಸರಾಸರಿ 5.9 ಕಿಲೋ ಇಳಿದಿದ್ದರೆ, ಯಂತ್ರ ಕಟ್ಟಿಕೊಂಡವರು ಇಳಿದದ್ದು 3.5 ಕಿಲೋ ಮಾತ್ರ! ಯಂತ್ರದಿಂದ ಕೆಡುಕಾಯಿತೆಂದು ನಾನು ಹೇಳುವುದಿಲ್ಲ. ಅದನ್ನು ಕಟ್ಟಿದ ಮಾತ್ರಕ್ಕೆ ಒಳಿತಾಗುವುದಿಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಹಣದ ಆಸೆ ತೋರಿಸಿದರೆ? ಅದನ್ನೂ ಸಿಂಗಾಪುರದಲ್ಲಿ ನೋಡಿದರು. 13 ಸಂಸ್ಥೆಗಳ 800 ನೌಕರರಲ್ಲಿ ಕೆಲವರಿಗೆ ಬರಿಯ ಪಟ್ಟಿ, ಕೆಲವರಿಗೆ ಪಟ್ಟಿಯ ಜೊತೆ ನಡೆದದ್ದಕ್ಕೆ ಹಣ. ಆರು ತಿಂಗಳು ಹಣ ಸಿಕ್ಕಷ್ಟು ದಿನ ಹಣದ ಗುಂಪಿನವರು ಚೆನ್ನಾಗಿಯೇ ನಡೆದರು. ಹಣ ನಿಂತಿತು, ಹುರುಪೂ ಇಳಿಯಿತು. ವರ್ಷ ಮುಗಿಯುವಾಗ ಬಹುಮಂದಿ ಪಟ್ಟಿಯನ್ನೇ ಬಿಚ್ಚಿಟ್ಟಿದ್ದರು. ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಇಂದು ನಮ್ಮ ದೇಶದಲ್ಲಿಯೂ ಕೆಲವು ವಿಮಾ ಕಂಪೆನಿಗಳು ಹೆಜ್ಜೆ ಎಣಿಸಿ ಕಂತಿನಲ್ಲಿ ಸೋಡಿ ಕೊಡುತ್ತೇವೆಂದು ಕರೆಯುತ್ತಿವೆ. ಸೋಡಿ ಬಂದರೆ ಬೇಡವೆನ್ನಬೇಕಿಲ್ಲ. ಆದರೆ ಸೋಡಿಗಾಗಿ ನಡೆದವನು ಸೋಡಿ ನಿಂತ ದಿನ ಕುಳಿತುಬಿಡುತ್ತಾನೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇಂಥ ನೂರಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಒಂದು ವಿಮರ್ಶೆ 2022ರಲ್ಲಿ ಪ್ರಕಟವಾಗಿದೆ. ಗಡಿಯಾರ ಕಟ್ಟಿದವರು ಸರಾಸರಿಯಲ್ಲಿ ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದರೆಂದು ಅದು ಹೇಳುತ್ತದೆ. ಇದು ಕಡಮೆ ಲಾಭವಲ್ಲ. ಯಂತ್ರವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಡೆಯಬೇಕೆಂದು ಮನಸ್ಸು ಮಾಡಿದವನಿಗೆ ಅದು ಊರುಗೋಲು. ಮನಸ್ಸನ್ನು ಅದು ಕೊಡಲಾರದು.

ಮನಸ್ಸು ಎಲ್ಲಿಂದ ಬರುತ್ತದೆ? ಎಡ್ವರ್ಡ್ ಡೇಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1971ರಲ್ಲಿ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಆಟದ ಒಗಟುಗಳನ್ನು ಬಿಡಿಸಲು ಕೊಟ್ಟು, ಕೆಲವರಿಗೆ ಬಿಡಿಸಿದ್ದಕ್ಕೆ ಹಣ ಕೊಟ್ಟರು. ಹಣ ನಿಲ್ಲಿಸಿದ ಮೇಲೆ ಆ ಗುಂಪಿನವರಿಗೆ ಆಟದಲ್ಲಿದ್ದ ಮೊದಲಿನ ಆಸಕ್ತಿಯೂ ಇಳಿದಿತ್ತು. ಮುಂದೆ ಡೇಸಿ ಮತ್ತು ರಿಚರ್ಡ್ ರಾಯನ್ ಸೇರಿ ಹೇಳಿದ ತತ್ವವಿಷ್ಟು: ಮನುಷ್ಯನು ಒಂದು ಕೆಲಸದಲ್ಲಿ ನಿಲ್ಲಬೇಕಾದರೆ ಅದು ತನ್ನ ಇಚ್ಛೆಯದೆನಿಸಬೇಕು, ತನ್ನ ಕೈಲಾಗುತ್ತದೆಂಬ ಭರವಸೆ ಬರಬೇಕು, ಜೊತೆಗೆ ತನ್ನವರೆನ್ನುವವರು ಇರಬೇಕು. ವ್ಯಾಯಾಮದ ಮೇಲೆ ಈ ತತ್ವವನ್ನು ಒರೆಗೆ ಹಚ್ಚಿದ 66 ಅಧ್ಯಯನಗಳನ್ನು 2012ರಲ್ಲಿ ಪರಿಶೀಲಿಸಿದಾಗ, ಆರೋಗ್ಯಕ್ಕೆ ಒಳ್ಳೆಯದೆಂಬ ತಿಳಿವಳಿಕೆ ಆರಂಭ ಮಾಡಿಸುತ್ತದೆ, ಬಹುಕಾಲ ನಿಲ್ಲಿಸುವುದು ಮಾತ್ರ ಅದರಲ್ಲಿನ ಸಂತೋಷ ಎಂದು ಕಂಡುಬಂತು.

ಇದನ್ನು ಓದಿದಾಗ ನನಗೆ ನಮ್ಮ ಮಿಜಾರಿನ ಶ್ರೀನಿವಾಸ ಗೌಡರ ನೆನಪಾಯಿತು. ಕಟ್ಟಡ ಕೆಲಸದ ಕೂಲಿಕಾರರಾದ ಅವರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣಗಳೊಡನೆ ಕೆಸರುಗದ್ದೆಯ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಹಾಕುವವರು ಅದನ್ನು ನೂರು ಮೀಟರಿಗೆ ಇಳಿಸಿ ಜಮೈಕದ ಬೋಲ್ಟನಿಗೆ ಹೋಲಿಸಿದರು. ದಿಲ್ಲಿಯಿಂದ ಪರೀಕ್ಷೆಗೆ ಕರೆ ಬಂತು. ಗೌಡರು ವಿನಯದಿಂದ ಹಿಂದೆ ಸರಿದರು. ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆಯೆಂದರು. ಅಂಕೆ ಲೋಕದ್ದಾಯಿತು, ಓಟ ಅವರದಾಗಿಯೇ ಉಳಿಯಿತು. ಕೋಣ, ಗದ್ದೆ, ಎರಡು ಬದಿಗೆ ನಿಂತು ಕೂಗುವ ಊರ ಜನ, ಇವಿಲ್ಲದೆ ಆ ಓಟಕ್ಕೆ ಅರ್ಥವೆಲ್ಲಿ?

ನಮ್ಮ ಮುಂಬಯಿಯಲ್ಲಿಯೂ ಇಂಥದೊಂದು ಲೋಕವಿತ್ತು. 1975ರಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ನಾನು ಊರು ಬಿಟ್ಟು ಬಂದೆ. ಹೋಟೆಲು ಸೇರುವ ಮೊದಲು ಒಂದು ವರ್ಷ ಲಾಲ್‌ಬಾಗಿನಲ್ಲಿ ದೊಡ್ಡಪ್ಪನ ಖೋಲಿಯಲ್ಲಿದ್ದೆ. ದೊಡ್ಡಪ್ಪ ಗಿರಣಿಯ ಮಗ್ಗ ಖಾತೆಯಲ್ಲಿ ದುಡಿಯುತ್ತಿದ್ದರು. ಪಾಳಿ ಮುಗಿಸಿ ಬಂದ ಗಿರಣಿಯ ತರುಣರು ಗಲ್ಲಿಯ ವ್ಯಾಯಾಮಶಾಲೆಗೆ ಹೋಗುತ್ತಿದ್ದರು. ಲಾಲ್‌ಬಾಗ್, ಪರೇಲ್, ನಾಯಗಾಂವ್, ಪ್ರಭಾದೇವಿಗಳಲ್ಲಿ ಆಗ ಇಂಥ ಶಾಲೆಗಳಿಗೆ ಕೊರತೆಯಿರಲಿಲ್ಲ. ನಮ್ಮ ತುಳುನಾಡಿನಲ್ಲಿ ಗರಡಿಯೆಂದರೆ ಕೋಟಿ-ಚೆನ್ನಯರ ಸ್ಥಾನ, ಮೈಸೂರಿನ ಕಡೆ ಗರಡಿಯೆಂದರೆ ಕುಸ್ತಿಯ ಮನೆ, ಬೆಳಗಾವಿ, ಧಾರವಾಡದ ಬಾಂಧವರಿಗೆ ಅದೇ ತಾಲೀಮು. ಅಲ್ಲಿ ಮೂವರೂ ಒಂದೇ ಮಣ್ಣಿನಲ್ಲಿ ಹೊರಳುತ್ತಿದ್ದರು. ಕೆಮ್ಮಣ್ಣು, ಒಂದು ಮಲ್ಲಕಂಬ, ನಾಲ್ಕು ಮುದ್ಗರ, ಗೋಡೆಯ ಮೇಲೆ ಹನುಮಂತನ ಪಟ, ಇಷ್ಟೇ ಸರಂಜಾಮು. ಹೊರಗಿನ ಬಯಲಿನಲ್ಲಿ ಕಬಡ್ಡಿ.

ವಸ್ತಾದರ ಬಳಿ ಹಾಜರಿ ಪುಸ್ತಕವಿರಲಿಲ್ಲ. ಆದರೂ ಒಂದು ದಿನ ತಪ್ಪಿಸಿದರೆ ಮರುದಿನ ಬೆಳಿಗ್ಗೆ ಖೋಲಿಯ ಬಾಗಿಲು ಬಡಿದು “ಕಾಯ್ ರೇ, ಕಾಲ್ ಕುಠೇ ಹೋತಾಸ್?” ಎಂದು ಕೇಳುವವನು ಒಬ್ಬನಿದ್ದೇ ಇದ್ದ. ನಿನ್ನೆ ಎಲ್ಲಿದ್ದೆಯೆಂಬ ಆ ಒಂದು ಪ್ರಶ್ನೆಗೆ ಉತ್ತರ ಕೊಡುವ ನಾಚಿಕೆಗಿಂತ ಹೋಗಿ ನೂರು ಬಸ್ಕಿ ಹೊಡೆಯುವುದೇ ಸುಲಭವಾಗಿತ್ತು. ಇಂದು ಮಣಿಕಟ್ಟಿನ ಯಂತ್ರವೂ ಗುಂಯ್‌ಗುಟ್ಟಿ ಏಳು, ನಡೆ ಎನ್ನುತ್ತದೆ. ಗುಂಯ್‌ಗುಟ್ಟುವುದನ್ನು ನಿಲ್ಲಿಸಲು ಒಂದು ಬೆರಳು ಸಾಕು. ಬಾಗಿಲು ಬಡಿಯುವ ಗೆಳೆಯನನ್ನು ಹಾಗೆ ನಿಲ್ಲಿಸಲಾಗುತ್ತಿರಲಿಲ್ಲ.

1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ನಡೆದದ್ದು ನಮ್ಮವರಿಗೆ ನಾನು ಹೇಳಬೇಕಾದ್ದಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಮಾಲ್ ಇದೆ, ಕಮಲಾ ಗಿರಣಿಯ ಆವರಣದಲ್ಲಿ ಕಚೇರಿಗಳೂ ಭೋಜನಗೃಹಗಳೂ ಇವೆ. ಗಿರಣಗಾಂವಿನಲ್ಲಿ ಇಂದು ವ್ಯಾಯಾಮವೆಂದರೆ ತಂಪು ಕೋಣೆ, ಕನ್ನಡಿ ಗೋಡೆ, ನಿಂತಲ್ಲೇ ಓಡುವ ಪಟ್ಟಿ, ತಿಂಗಳ ದೊಡ್ಡ ಶುಲ್ಕ. ಎಲ್ಲವೂ ನಾಶವಾಯಿತೆಂದಲ್ಲ. ದಾದರಿನ ಶಿವಾಜಿ ಪಾರ್ಕಿನ ಬಳಿಯ ಸಮರ್ಥ ವ್ಯಾಯಾಮ ಮಂದಿರದಲ್ಲಿ ಇಂದಿಗೂ ಮಕ್ಕಳು ಮಲ್ಲಕಂಬ ಹತ್ತುತ್ತಾರೆ. ಅಲ್ಲಿಯ ಗುರುಗಳಾದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಕಂಬವೊಂದು, ಗುರುವೊಬ್ಬ, ಜೊತೆಗಾರರು ಹತ್ತು ಮಂದಿ ಇದ್ದರೆ ಮಕ್ಕಳು ತಾವಾಗಿ ಬರುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಇದೇ ಗಡಿಯಾರದ ಮತ್ತೊಂದು ಮುಖ. ನಾಗಪುರ, ಚಂಡೀಗಢ ಮುಂತಾದ ನಗರಗಳಲ್ಲಿ ಕಸ ಗುಡಿಸುವ ಕಾರ್ಮಿಕರ ಕೈಗೆ, ಅವರು ಎಲ್ಲಿದ್ದಾರೆಂದು ಕ್ಷಣಕ್ಷಣಕ್ಕೂ ತಿಳಿಸುವ ಗಡಿಯಾರ ಕಟ್ಟಿಸಲಾಯಿತು. ಕಾರ್ಮಿಕರು ಅದನ್ನು ವಿರೋಧಿಸಿದರು. ಚಂಡೀಗಢದಲ್ಲಿ ಪ್ರತಿಭಟನೆಯೂ ನಡೆಯಿತು. ಇದು ವಿಚಾರ ಮಾಡಬೇಕಾದ ಸಂಗತಿ. ಮರೀನ್ ಡ್ರೈವಿನಲ್ಲಿ ಓಡುವ ತರುಣ ಹಣ ಕೊಟ್ಟು ಕೊಂಡು ಸಂತೋಷದಿಂದ ಕಟ್ಟಿಕೊಳ್ಳುವ ವಸ್ತುವೇ ಗುಡಿಸುವವನ ಕೈಯಲ್ಲಿ ಬೇಡಿಯಾಯಿತು. ಯಂತ್ರ ಅದೇ, ಕೈ ಬೇರೆ. ಒಬ್ಬನ ಅಂಕೆಯನ್ನು ಅವನೇ ಓದುತ್ತಾನೆ, ಇನ್ನೊಬ್ಬನ ಅಂಕೆಯನ್ನು ಮುಕಾದಮ ಓದುತ್ತಾನೆ. ನಾಳೆ ಹೋಟೆಲಿನ ಮಾಲಕನೂ ‘ಹುಡುಗರ ಆರೋಗ್ಯಕ್ಕಾಗಿ’ ಪಟ್ಟಿ ಹಂಚಬಹುದು. ಯಾರು ಎಷ್ಟು ಹೊತ್ತು ನಿಂತ, ಯಾರು ಎಷ್ಟು ಸಲ ಹಿಂದಿನ ಬಾಗಿಲಿಗೆ ಹೋದ, ಯಾರ ನಾಡಿ ಸರಿಯಿಲ್ಲ, ಯಾರನ್ನು ಬೇಗ ಊರಿಗೆ ಕಳಿಸಬೇಕು ಎಂಬುದೆಲ್ಲ ಗಲ್ಲೆಯಲ್ಲಿ ಕುಳಿತೇ ತಿಳಿಯುತ್ತದೆ. 2023ರಲ್ಲಿ ಪಾರ್ಲಿಮೆಂಟು ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದು ಕಾನೂನು ಮಾಡಿದೆ ನಿಜ, ಆದರೆ ಅದರಲ್ಲಿ ಉದ್ಯೋಗದ ಕಾರಣಕ್ಕೆಂದು ಮಾಲಕರಿಗೊಂದು ಬಾಗಿಲನ್ನೂ ತೆರೆದಿಟ್ಟಿದೆ. ಆ ಬಾಗಿಲಲ್ಲಿ ಕಾವಲು ನಿಲ್ಲುವುದು ಸಂಘಗಳ ಕೆಲಸ.

ಕಡೆಗೆ ಎಲ್ಲಕ್ಕಿಂತ ದೊಡ್ಡ ಮಾತು, ಸಮಯ. ಭಾನುವಾರ ಬೆಳಿಗ್ಗೆ ಮಾಟುಂಗದ ಯಾವುದೇ ನಮ್ಮವರ ಹೋಟೆಲಿಗೆ ಹೋಗಿ ನೋಡಿ. ಓಡಿ ಬೆವತು ಬಂದ ತರುಣ ತರುಣಿಯರು ಇಡ್ಲಿ ಕಾಫಿಗೆ ಕುಳಿತು ತಮ್ಮ ತಮ್ಮ ಕೈಗಡಿಯಾರ ಹೋಲಿಸುತ್ತಿರುತ್ತಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನಿನ ತಯಾರಿಯಂತೆ. ಬಹಳ ಒಳ್ಳೆಯದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರಿಗೆ ಇಡ್ಲಿ ಬಡಿಸುವ ಹುಡುಗನೂ ಅದೇ ಪ್ರಾಯದವನು. ಅವನಿಗೆ ಓಡಲು ಭಾನುವಾರವೇ ಇಲ್ಲ. ಅವನನ್ನು ಸೋಮಾರಿಯೆಂದು ಕರೆಯಲು ಯಾರಿಗೆ ಬಾಯಿ ಬಂದೀತು?

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಯಾರೂ ದಾನ ಕೊಟ್ಟದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಕಾರ್ಮಿಕರನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಅದನ್ನು ಪಡೆದುಕೊಟ್ಟರು. ಅಂಗಡಿ ಹೋಟೆಲುಗಳ ನೌಕರರಿಗೂ ವಾರಕ್ಕೊಂದು ಪೂರ್ಣ ದಿನದ ವಿಶ್ರಾಂತಿ ಮಹಾರಾಷ್ಟ್ರದ 2017ರ ಕಾನೂನಿನಲ್ಲಿದೆ. ಕಾನೂನಿನಲ್ಲಿದೆ ಎಂಬುದನ್ನು ಒತ್ತಿ ಹೇಳುತ್ತೇನೆ. ಅದು ಎಷ್ಟು ಅಡುಗೆಮನೆಗಳ ತನಕ ಇಳಿದು ಬಂದಿದೆಯೆಂಬುದನ್ನು ಓದುಗರು ತಮ್ಮ ತಮ್ಮ ಅನುಭವದಿಂದ ಬಲ್ಲರು. 2025ರಲ್ಲಿ ರಾಜ್ಯದ ಮಂತ್ರಿಮಂಡಲವು ಅಂಗಡಿ ಹೋಟೆಲುಗಳಲ್ಲಿ ದಿನದ ದುಡಿಮೆಯ ಮಿತಿಯನ್ನು ಒಂಬತ್ತರಿಂದ ಹತ್ತು ತಾಸಿಗೆ ಏರಿಸಲು ಒಪ್ಪಿಗೆಯಿತ್ತಿತು. ಒಂದೆಡೆ ತರುಣರು ವ್ಯಾಯಾಮ ಮಾಡುವುದಿಲ್ಲವೆಂದು ಭಾಷಣ, ಇನ್ನೊಂದೆಡೆ ಇದ್ದ ಒಂದು ತಾಸಿಗೂ ಕತ್ತರಿ. ಲೆಕ್ಕ ಹೇಗೆ ಸರಿಹೋದೀತು?

ನಮ್ಮ ಸೋದರಿಯರ ಮಾತೂ ಇದೇ. 2024ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ಭಾರತದ ಗಂಡಸರಲ್ಲಿ ನೂರಕ್ಕೆ 42 ಮಂದಿ, ಹೆಂಗಸರಲ್ಲಿ ನೂರಕ್ಕೆ 57 ಮಂದಿ ಬೇಕಾದಷ್ಟು ವ್ಯಾಯಾಮ ಮಾಡುವುದಿಲ್ಲ. ಗಂಡ, ಮಕ್ಕಳಿಗೆ ಡಬ್ಬಿ ಕಟ್ಟಿ, ನೀರು ಹಿಡಿದು, ತಾನೂ ಕೆಲಸಕ್ಕೆ ಓಡುವವಳಿಗೆ ಮನಸ್ಸಿಲ್ಲವೆನ್ನುವುದು ಅನ್ಯಾಯ. ಆಕೆಗೆ ಬೇಕಾದದ್ದು ಅರ್ಧ ತಾಸು, ಮತ್ತು ಯಾರೂ ದಿಟ್ಟಿಸಿ ನೋಡದ ಒಂದು ಜಾಗ.

ಆದುದರಿಂದ ನನ್ನ ಸೂಚನೆಗಳನ್ನು ಸಂಘದ ಕಾರ್ಯಕಾರಿ ಸಮಿತಿಯ ಮುಂದೂ ಓದುಗ ಬಾಂಧವರ ಮುಂದೂ ಇಡುತ್ತೇನೆ.

ಒಂದನೆಯದಾಗಿ, ಒಂದೇ ವಠಾರದ ಐದಾರು ಹೋಟೆಲುಗಳ ತರುಣರು ಸೇರಿ ಹತ್ತು ಮಂದಿಯ ತಂಡ ಕಟ್ಟಲಿ. ಮಧ್ಯಾಹ್ನ ಮೂರರಿಂದ ನಾಲ್ಕರ ತನಕ ಗಿರಾಕಿ ಕಡಮೆ. ಆ ಹೊತ್ತಿನಲ್ಲಿ ಅರ್ಧ ತಾಸನ್ನು ಪಾಳಿಯಂತೆ ಬಿಟ್ಟುಕೊಡಲು ಧಣಿಗಳನ್ನು ಕೇಳೋಣ. ನಮ್ಮ ಧಣಿಗಳಲ್ಲಿ ಅನೇಕರು ತಟ್ಟೆ ತೊಳೆದು ಮೇಲೆ ಬಂದವರೇ, ಅರ್ಥವಾಗದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ವಾರಕ್ಕೆ ಐದು ಅರ್ಧ ತಾಸು ಸಿಕ್ಕರೆ ಲೆಕ್ಕ ಮುಗಿಯಿತು. ದಂಡ, ಬಸ್ಕಿಗಳಿಗೆ ಶುಲ್ಕವಿಲ್ಲ. ದಿನವಿಡೀ ಬಗ್ಗಿ ದುಡಿಯುವವನ ಸೊಂಟಕ್ಕೆ ಬೇಕಾದದ್ದು ಇನ್ನಷ್ಟು ಹೆಜ್ಜೆಯಲ್ಲ, ಬೆನ್ನಿಗೂ ಹೊಟ್ಟೆಗೂ ಬಲ. ನೋವಿದ್ದವರು ಡಾಕ್ಟರರನ್ನು ಕೇಳಿಯೇ ಆರಂಭಿಸಲಿ.

ಎರಡನೆಯದಾಗಿ, ಜಾಗ. ಶಿವಾಜಿ ಪಾರ್ಕು, ಮಾಟುಂಗದ ಐದು ಉದ್ಯಾನಗಳು, ಆಜಾದ್ ಮೈದಾನ, ಜುಹು ಕಡಲತೀರ ಇವು ಯಾರ ಅಪ್ಪನ ಸೊತ್ತೂ ಅಲ್ಲ. ಮಹಾನಗರಪಾಲಿಕೆಯ ಅನೇಕ ಉದ್ಯಾನಗಳಲ್ಲಿ ವ್ಯಾಯಾಮದ ಸಲಕರಣೆಗಳನ್ನು ನಿಲ್ಲಿಸಿದ್ದಾರೆ. ಹಿಂದೆ ರಾತ್ರಿಶಾಲೆಗಳಿಗಾಗಿ ನಮ್ಮ ಹಿರಿಯರು ಮುನಿಸಿಪಾಲಿಟಿ ಶಾಲೆಯ ಕೋಣೆಗಳನ್ನು ಕೇಳಿ ಪಡೆಯುತ್ತಿದ್ದರು. ಅದೇ ರೀತಿ ಸೋದರಿಯರಿಗಾಗಿ ಸಂಘದ ಸಭಾಂಗಣವನ್ನು ಬೆಳಗಿನ ಒಂದು ತಾಸು ತೆರೆದಿಡಬಹುದು.

ಮೂರನೆಯದಾಗಿ, ಗಡಿಯಾರ. ಕಟ್ಟಿಕೊಳ್ಳುವವನು ಕಟ್ಟಿಕೊಳ್ಳಲಿ, ಅದಕ್ಕಾಗಿ ಸಾಲ ಮಾಡಬೇಕಿಲ್ಲ, ಕಿಸೆಯ ಮೊಬೈಲೇ ಹೆಜ್ಜೆ ಎಣಿಸುತ್ತದೆ. ಆದರೆ ಅಂಕೆ ಕಟ್ಟಿಕೊಂಡವನದೇ ಆಗಿರಲಿ. ಮಾಲಕನೋ ಗುತ್ತಿಗೆದಾರನೋ ಕಟ್ಟಿಸಬಂದರೆ ಮೊದಲು ಸಂಘಕ್ಕೆ ತಿಳಿಸಿ. ಕೆಲಸದ ಹೆಜ್ಜೆಯನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸಬೇಡಿ.

ಇವೆಲ್ಲಕ್ಕೂ ಮೊದಲು ವಾರದ ರಜೆ ನಿಜವಾಗಿಯೂ ಸಿಗುವಂತೆ ಸಂಘ ಪಟ್ಟು ಹಿಡಿಯಬೇಕು. ಅದಿಲ್ಲದೆ ಉಳಿದದ್ದೆಲ್ಲ ಗಾಳಿಮಾತು.

ಆ ಕುಂದಾಪುರದ ತರುಣನಿಗೆ ಡಾಕ್ಟರರ ವಿಳಾಸ ಕೊಟ್ಟೆ. ಜೊತೆಗೆ, ಅವನ ರಜೆಯ ದಿನವಾದ ಮಂಗಳವಾರ ಬೆಳಿಗ್ಗೆ ಆರಕ್ಕೆ ಐದು ಉದ್ಯಾನದ ಬಳಿ ಬಾ ಎಂದೆ. ಮೊದಲ ಮಂಗಳವಾರ ಬಂದ, ನಿಧಾನವಾಗಿ ಎರಡು ಸುತ್ತು ನಡೆದೆವು. ಎರಡನೆಯ ಮಂಗಳವಾರ ಬರಲಿಲ್ಲ. ಸಂಜೆ ಅವನ ಹೋಟೆಲಿಗೆ ಹೋಗಿ ಒಂದು ಚಹಾ ಹೇಳಿ, ಅವನು ತಂದಿಟ್ಟಾಗ ಮೆಲ್ಲನೆ ಕೇಳಿದೆ: “ಏನಪ್ಪಾ, ಬೆಳಿಗ್ಗೆ ಎಲ್ಲಿದ್ದೆ?”

ರಜೆಯ ದಿನವೇ ಅವನು ಚಹಾ ತಂದಿಡುತ್ತಿದ್ದನಲ್ಲ, ಉತ್ತರ ಅದರಲ್ಲೇ ಇತ್ತು. ಹುಡುಗರು ಕಡಮೆ, ಯಜಮಾನರು ಕರೆದರಂತೆ. ಆದರೆ ಮೂರನೆಯ ಮಂಗಳವಾರ ಬಂದ. ಬರುವಾಗ ಒಬ್ಬನೇ ಬರಲಿಲ್ಲ, ಜೊತೆಗೆ ಅಡುಗೆಮನೆಯ ಇಬ್ಬರನ್ನು ಕರೆದು ತಂದಿದ್ದ. ನಡೆಯುತ್ತ ಮಾತಿನಲ್ಲಿ ಮುಳುಗಿದ್ದರಿಂದ ಅಂದು ಎಷ್ಟು ಹೆಜ್ಜೆಯಾಯಿತೆಂದು ನೋಡಲು ಮರೆತೆವು.